ಹಲಗೆಯ ಹಿಂದಿನ ಕೈ

ಬೋಲ್ಟು ತಿರುಗುತ್ತಲೇ ಇತ್ತು. ಬಿಗಿಯಾಗುತ್ತಲೂ ಇರಲಿಲ್ಲ, ಸಡಿಲವಾಗಿ ಕೈಗೆ ಬರುತ್ತಲೂ ಇರಲಿಲ್ಲ. ಸ್ಪ್ಯಾನರಿಗೆ ಎಷ್ಟು ಸುತ್ತು ಕೊಟ್ಟರೂ ಅಷ್ಟನ್ನೂ ನುಂಗಿ, ಹಲಗೆಯ ಹಿಂದಿನ ಕತ್ತಲಲ್ಲಿ ನಟ್ಟು ತಾನೂ ಅದರ ಜೊತೆಗೆ ಸುಮ್ಮನೆ ಸುತ್ತುತ್ತಿತ್ತು. ಹಲ್ಲಿನ ನಟ್ಟು ಅದು, ನಾಲ್ಕು ಹಲ್ಲು ಮರಕ್ಕೆ ಕಚ್ಚಿ ಕೂತರೆ ಮಾತ್ರ ಅದಕ್ಕೆ ಬೆಲೆ; ಕಚ್ಚದೆ ಹೋದರೆ ಬಾಯಿಬಿಟ್ಟುಕೊಂಡು ತಿರುಗುವ ಬಿಲ್ಲೆ. ಬಾಸಿಲಿಯಾ ಸ್ಟೂಲಿನ ಮೇಲೆ ನಿಂತು ಕಿವಿಯನ್ನು ಪ್ಲೈವುಡ್ಡಿಗೆ ಒತ್ತಿದಳು. ಕಿರ್, ಕಿರ್. ಇದು ಹನ್ನೊಂದನೆಯದು. ನೂರ ನಲವತ್ತು ತೂತು, ನೂರ ನಲವತ್ತು ನಟ್ಟು, ಕೆಳಗಿನ ಎರಡು ಹಲಗೆಗಳಲ್ಲಿ ಒಂದೂ ತಪ್ಪಿಲ್ಲ. ಮೇಲಿನ ಹಲಗೆಯಲ್ಲಿ ಮಾತ್ರ, ಯಾವುದನ್ನು ಅವಳು ಒಬ್ಬಳೇ ಎತ್ತಿ ನಿಲ್ಲಿಸಿದ್ದಳೋ ಅದರಲ್ಲಿ ಮಾತ್ರ, ಹನ್ನೊಂದು. ಆ ಅಂಕಿ ಅವಳಿಗೆ ಹಿಡಿಸಲಿಲ್ಲ. ಹತ್ತಾಗಬಹುದಿತ್ತು, ಹನ್ನೆರಡಾಗಬಹುದಿತ್ತು. ಹನ್ನೊಂದು ಜನ ನಕ್ಕಿದ್ದರು ಎಂಬುದು ತನಗೆ ಇನ್ನೂ ನೆನಪಿರುವುದು ಯಾಕೆ ಎಂದು ಯೋಚಿಸಲು ಹೋಗಿ, ಯೋಚನೆಯನ್ನು ಅಲ್ಲೇ ಬಿಟ್ಟು, ಸ್ಪ್ಯಾನರನ್ನು ಇನ್ನೊಂದು ಸುತ್ತು ತಿರುಗಿಸಿದಳು. ಕಿರ್.

ಕೆಳಗೆ ಅಂಗಳದ ಬಿಸಿಲಲ್ಲಿ ಅತ್ತೆ ಅಗಾಪಿತಾ ಹಿಮದಲ್ಲಿ ಒಣಗಿಸಿದ ಆಲೂಗಡ್ಡೆಯ ಸಿಪ್ಪೆ ಉಜ್ಜುತ್ತ, ದವಡೆಯಲ್ಲಿ ಕೋಕಾ ಎಲೆ ಒತ್ತಿಕೊಂಡು, ಮೇಲೆ ಏನು ಇಲಿ ಸಾಕುತ್ತಿದ್ದೀಯಾ ಎಂದು ಕೇಳಿದಳು. ಬೆಳಿಗ್ಗೆಯಿಂದ ಇದು ಮೂರನೆಯ ಸಲ. ಎಲ್ ಆಲ್ತೊ ಊರಿನ ಎಲ್ಲ ಮನೆಗಳ ಹಾಗೆ ಈ ಮನೆಯೂ ಮುಗಿದಿರಲಿಲ್ಲ. ಬರಿ ಇಟ್ಟಿಗೆ, ತಾರಸಿಯಿಂದ ಆಕಾಶಕ್ಕೆ ಚಾಚಿದ ಕಬ್ಬಿಣದ ಸರಳು, ಎಂದೋ ಬರಲಿರುವ ಇನ್ನೊಂದು ಮಹಡಿಗೆ ಕಾದಿರುವಂತೆ. ಮೇಲಿನ ಈ ಕೋಣೆ ಮಗಳ ಮದುವೆಯ ಹೊತ್ತಿಗೆ ಬೇಕಾಗುತ್ತದೆ ಎಂದು ಕಟ್ಟಿಸಿದ್ದು. ಮಗಳು ತಾನೇ ಹುಡುಕಿಕೊಂಡು ಮದುವೆಯಾಗಿ ತಗ್ಗಿನ ಊರಿಗೆ ಹೋದ ಮೇಲೆ ಕೋಣೆ ಹಾಗೇ ಉಳಿದಿತ್ತು. ಮೂರು ಕಡೆ ಇಟ್ಟಿಗೆ ಗೋಡೆ, ಮೇಲೆ ತಗಡು. ಹಿಂದಿನ ಗೋಡೆಯ ಬುಡದಿಂದ ಹೊರಟು, ಕೋಣೆಯೊಳಕ್ಕೆ ಬಾಗಿ ಬಾಗಿ, ತಲೆ ಚಾವಣಿಯ ತೊಲೆಯ ಹತ್ತಿರ ಬಂದು ನಿಲ್ಲುವ ಹಾಗೆ ಅವಳು ಬಂಡೆ ಹತ್ತುವ ಅಭ್ಯಾಸದ ಹಿಡಿಕೆಗಳನ್ನು ಬಿಗಿಯಲು ಮೂರು ಹಲಗೆ ನಿಲ್ಲಿಸಿದ್ದಳು. ಎಡಕ್ಕೂ ಬಲಕ್ಕೂ ಹಲಗೆ ಗೋಡೆಗೆ ಹತ್ತಿಕೊಂಡಿತ್ತು. ಹಿಂದೆ ಉಳಿದದ್ದು ಒಂದು ಮುಚ್ಚಿದ ತ್ರಿಕೋನದ ಕತ್ತಲು. ಅದಕ್ಕೆ ಬಾಗಿಲು ಎಂದರೆ ಹಲಗೆಯ ತುದಿಗೂ ತಗಡಿಗೂ ನಡುವೆ ಉಳಿದ ಒಂದೂವರೆ ಗೇಣು ಸಂದಿ. ಗಂಡ ಸೆವೆರೊ ಮಿನಿಬಸ್ ಓಡಿಸಿ ಬಂದವನು ಮೊದಲ ದಿನವೇ ಇದನ್ನು ನೋಡಿ, ಮನೆಯಲ್ಲಿ ಏಣಿ ಇದೆಯಲ್ಲೇ, ಮೇಲಕ್ಕೆ ಹೋಗೋಕೆ ಇಷ್ಟು ಕಷ್ಟ ಯಾಕೆ ಎಂದಿದ್ದ. ಆಮೇಲೆ ತಾನೇ ಹೋಗಿ ಎರಡು ಮೊಳೆ ಹೆಚ್ಚಿಗೆ ಹೊಡೆದಿದ್ದ, ತಲೆ ಮೇಲೆ ಬಿದ್ದುಗಿದ್ದೀತು ಎಂದು.

ಹಲಗೆಯನ್ನು ನೆಲದಲ್ಲಿ ಬೋರಲು ಹಾಕಿ, ಹಿಂದಿನಿಂದ ಒಂದೊಂದೇ ನಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ಆಮೇಲೆ ಎತ್ತಬೇಕು. ಇದು ಅವಳಿಗೆ ಗೊತ್ತಿತ್ತು. ಎತ್ತುವುದಕ್ಕೆ ಜನ ಬೇಕು. ಜನ ಬೇಕಾದರೆ ಅಯ್ನಿಗೆ ಕೂಗಬೇಕು: ಇವತ್ತು ನೀವು ನನ್ನ ಮನೆಗೆ ಕೈ ಕೊಡಿ, ನಾಳೆ ನಿಮ್ಮ ತಗಡು ಹೊದಿಸುವಾಗ ನಾನು ಕೈ ಕೊಡುತ್ತೇನೆ. ಈ ಓಣಿಯಲ್ಲಿ ಎಲ್ಲರ ಮನೆಯೂ ಎದ್ದದ್ದು ಹಾಗೇ. ಕೂಗಿದರೆ ಬರುತ್ತಿದ್ದರು, ನಗುತ್ತಲಾದರೂ ಬರುತ್ತಿದ್ದರು. ಆದರೆ ಓಣಿಯನ್ನೆಲ್ಲ ಕೂಗಿ ಮಗ್ಗುಲ ಓಣಿಯ ತೊಮಾಸಾಳನ್ನು ಕೂಗದೆ ಬಿಡುವುದು ಹೇಗೆ? ಕೂಗುವುದು ಹೇಗೆ? ಹೀಗಾಗಿ, ಚಿಕ್ಕ ಕೆಲಸ ಬಿಡಿ ಅತ್ತೆ, ಯಾರೂ ಬೇಡ ಎಂದು ಹೇಳಿ, ರಾಟೆ ಕಟ್ಟಿ, ಮೊದಲೆರಡು ಹಲಗೆಗಳನ್ನು ಸೆವೆರೊನ ಜೊತೆ ಎತ್ತಿ, ಮೂರನೆಯದನ್ನು ಅವನು ಬಸ್ಸಿಗೆ ಹೋದ ಮೇಲೆ ಹಟಕ್ಕೆ ಬಿದ್ದು ಒಬ್ಬಳೇ ಎಳೆದು ನಿಲ್ಲಿಸಿದ್ದಳು. ಭಾರ ತಡೆಯಲಾಗದೆ ನಟ್ಟುಗಳನ್ನು ಅರ್ಧಂಬರ್ಧ ಬಡಿದಿದ್ದಳು. ಮುಂದಿನಿಂದ ಬೋಲ್ಟು ಬಿಗಿದರೆ ತಾವೇ ಎಳೆದುಕೊಂಡು ಕೂರುತ್ತವೆ ಎಂದುಕೊಂಡಿದ್ದಳು. ಕೂರಲಿಲ್ಲ. ಹಿಂದೆ ಒಂದು ಕೈ ಬೇಕು, ಮುಂದೆ ಒಂದು ಕೈ ಬೇಕು. ಎರಡೂ ತನ್ನವೇ ಆಗುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳು ಈ ಎರಡು ವರ್ಷದಲ್ಲಿ ಎಷ್ಟನೆಯ ಸಲವೋ ಯೋಚಿಸಿದಳು.

ಎರಡು ವರ್ಷದ ಹಿಂದೆ, ಅವಳೂ ತೊಮಾಸಾಳೂ ಅಡಿಗೆಗಿದ್ದ ಎತ್ತರದ ಕ್ಯಾಂಪಿನ ಕಲ್ಲುಮನೆಯಲ್ಲಿ ಅವತ್ತು ಸೀಮೆಎಣ್ಣೆ ಒಲೆಯ ಹೊಗೆ ತುಂಬಿತ್ತು. ಹೊರಗೆ ಹುವಾಯ್ನಾ ಪೊಟೊಸಿ ಪರ್ವತದ ಹಿಮದ ಮೇಲೆ ಸಂಜೆಯ ಬೆಳಕು ಇನ್ನೂ ಆರಿರಲಿಲ್ಲ. ಗೈಡುಗಳು, ದೂರ ದೇಶದಿಂದ ಬಂದವರು, ಎಲ್ಲರೂ ಬಟ್ಟಲು ಹಿಡಿದು ಸೂಪು ಕುಡಿಯುತ್ತಿದ್ದರು. ದೊಡ್ಡ ಗೈಡು ದೊನ್ ಗಿಲ್ಬೆರ್ತೊ ಅವತ್ತು ಖುಷಿಯಲ್ಲಿದ್ದ. ಮರುದಿನ ಹಿಮದ ಮೇಲೆ ಹಗ್ಗದ ಅಭ್ಯಾಸಕ್ಕೆ ಯಾರ್ಯಾರು ಎಂದು ಚೀಟಿ ಬರೆಯುತ್ತಿದ್ದವನು, ಅಡಿಗೆಯವರಲ್ಲೂ ಒಬ್ಬರಿಗೆ ಕಲಿಸೋಣ, ಯಾರು ಬರ್ತೀರಿ ಎಂದ. ಹದಿನಾರು ವರ್ಷ ಅವನ ಗ್ಯಾಸು, ಅವನ ಮೂಟೆ, ಅವನ ಆಲೂಗಡ್ಡೆ, ಅವನ ಗಿರಾಕಿಗಳ ಕಕ್ಕಸಿನ ಡಬ್ಬಿ ಹೊತ್ತು ಐದು ಸಾವಿರ ಮೀಟರಿಗೆ ಹತ್ತಿಳಿದ ಹೆಂಗಸರನ್ನು, ಹತ್ತುವುದು ನಿಮಗೆ ಬೇಕಾ ಎಂದು ಯಾರೋ ಮೊದಲ ಸಲ ಕೇಳಿದ್ದರು. ಅದೂ ತಮಾಷೆಗೆ. ಅವರಲ್ಲಿ ಯಾವ ಹೆಂಗಸಿನ ಕಾಲೂ ಶಿಖರ ಕಂಡಿರಲಿಲ್ಲ, ಯಾಕೆಂದರೆ ಕಾಣಲು ಬಿಟ್ಟಿರಲಿಲ್ಲ. ಕ್ಯಾಂಪಿನ ತನಕ ನೆರಿಗೆ ಲಂಗ ಅಡ್ಡಿಯಾಗುತ್ತಿರಲಿಲ್ಲ. ಕ್ಯಾಂಪಿನಿಂದ ಮೇಲಕ್ಕೆ ಅದೇ ಲಂಗ ಅಪಾಯಕಾರಿ ಆಗಿಬಿಡುತ್ತಿತ್ತು. ಎಲ್ಲರಿಗಿಂತ ಕುಳ್ಳಗಿದ್ದ ತೊಮಾಸಾ ಸೌಟು ಹಿಡಿದಿದ್ದ ಕೈಯನ್ನೇ ಎತ್ತಿದಳು. ನಾನು, ಎಂದಳು. ದೊಡ್ಡ ಹಂಡೆಯ ತಳ ಕೆರೆಯುತ್ತಿದ್ದ ಬಾಸಿಲಿಯಾ ತಲೆ ಎತ್ತದೆ, “ಇವಳ ಕೈ ಪಾತ್ರೆ ತಳಕ್ಕೇ ಮುಟ್ಟಲ್ಲ, ಇನ್ನು ಶಿಖರಕ್ಕೆ ಮುಟ್ಟುತ್ತಂತಾ?” ಎಂದಳು. ಯಾಕೆ ಹಾಗೆ ಅಂದಳು? ಮೊದಲೇ ಯೋಚಿಸಿದ್ದಲ್ಲ, ದ್ವೇಷವಲ್ಲ. ಇಬ್ಬರೂ ಒಂದೇ ಕಂಬಳಿಯಲ್ಲಿ ಮಲಗಿದವರು, ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಎರಡು ಮೂಟೆ ಹೊತ್ತವರು. ಹನ್ನೊಂದು ಗಂಡಸರು ಬಟ್ಟಲಿನೊಳಗೆ ಕೆಮ್ಮುವ ಹಾಗೆ ನಕ್ಕರು. ಆ ನಗುವಿನೊಳಗೆ ಒಂದು ಜಾಗ ಇತ್ತು, ಬೆಚ್ಚಗೆ, ಒಲೆಯ ಪಕ್ಕದ ಜಾಗದ ಹಾಗೆ. ಅದರಲ್ಲಿ ಅವಳು ಅರೆಗಳಿಗೆ ಕೂತಳು. ಗಿಲ್ಬೆರ್ತೊ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿ ಚೀಟಿ ಮಡಚಿದ. ಮರುದಿನದಿಂದ ತೊಮಾಸಾಳ ಹೆಸರು ಪಾತ್ರೆತಳ. ಒಂದು ತಿಂಗಳಿಗೆ ಅವಳು ಕ್ಯಾಂಪು ಬಿಟ್ಟಳು. ಅದೇ ತಿಂಗಳ ಕೊನೆಗೆ ಗಿಲ್ಬೆರ್ತೊ, ಬಾಯಿ ಜೋರಿದೆಯಲ್ಲ ನಿಂಗೆ, ಬಾ ನೋಡೋಣ ಎಂದು ಬಾಸಿಲಿಯಾಳನ್ನು ಹಗ್ಗಕ್ಕೆ ಕಟ್ಟಿದ. ತೊಮಾಸಾ ಎತ್ತಿದ ಕೈಗೆ ಸಿಗಬೇಕಾದ ಹಗ್ಗ ಅದು. ಶಿಖರದ ಮೇಲೆ ನಿಂತಾಗ ಅವಳು ಅತ್ತಳು, ಗಾಳಿಗೆ ಕಣ್ಣಲ್ಲಿ ನೀರು ಎಂದು ಎಲ್ಲರೂ ತಿಳಿದರು, ಅವಳೂ ಹಾಗೇ ತಿಳಿಯಲು ನೋಡಿದಳು.

ಈಗ ಬಾಸಿಲಿಯಾ ಸ್ಟೂಲಿನಿಂದ ಇಳಿದು, ಏಣಿ ಹಾಕಿ, ಸಂದಿಯಲ್ಲಿ ತಲೆ ತೂರಿಸಿದಳು. ತಲೆ ಹೋಯಿತು. ಒಂದು ತೋಳು ಹೋಯಿತು. ಎದೆ ಹೋಗಲಿಲ್ಲ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ತಗಡಿನ ಅಂಚು ಬೆನ್ನಿಗೆ ಚುಚ್ಚುತ್ತ, ಕತ್ತಲೊಳಗೆ ಬಾಯಿ ಬಿಟ್ಟುಕೊಂಡು, ಅವಳಿಗೆ ಕೆಳಗಿನ ನಗರದ ಗಾಜಿನ ಬಾಗಿಲು ನೆನಪಾಯಿತು. ಶ್ರೀಮಂತರ ಬಡಾವಣೆಯಲ್ಲಿ ಇಂಥದೇ ಗೋಡೆ ಇತ್ತು, ಬಣ್ಣಬಣ್ಣದ ಹಿಡಿಕೆ, ಕೆಳಗೆ ಮೆತ್ತೆ, ಹಾಡು. ಕಳೆದ ವರ್ಷ ಗೈಡುಗಳ ಸಂಘದ ಪರೀಕ್ಷೆಯಲ್ಲಿ ಬಂಡೆಯ ಮೂರನೆಯ ಹಿಡಿತದಲ್ಲಿ ಅವಳ ಬೆರಳು ಬಿಚ್ಚಿಕೊಂಡ ಮೇಲೆ, ಹಿಮಕ್ಕೆ ಕಾಲು ಸಾಕು, ಬಂಡೆಗೆ ಬೆರಳು ಬೇಕು, ಅಭ್ಯಾಸ ಮಾಡು ಎಂದು ಯಾರೋ ಹೇಳಿದ್ದರಿಂದ ಅಲ್ಲಿಗೆ ಹೋಗಿದ್ದಳು. ಬಾಗಿಲಲ್ಲಿ ನಿಂತವನು ಅವಳದೇ ಮೈಬಣ್ಣದವನು, ಅವಳದೇ ಭಾಷೆಯನ್ನು ಮನೆಯಲ್ಲಿ ಆಡುವವನು, ಅವಳ ಲಂಗವನ್ನೂ ದುಂಡು ಟೊಪ್ಪಿಯನ್ನೂ ನೋಡಿ, ಕ್ಲೀನಿಂಗಿಗೆ ಬಂದವರು ಹಿಂದಿನ ಬಾಗಿಲಿಂದ ಎಂದ. ಅವನು ಅಂದದ್ದಲ್ಲ ಅವಳನ್ನು ಸುಟ್ಟದ್ದು. ಅವಳು ಹಿಂದಿನ ಬಾಗಿಲಿಗೆ ಹೋದಳು. ಬಕೀಟುಗಳ ಪಕ್ಕ ಐದು ನಿಮಿಷ ನಿಂತಳು. ಯಾರಾದರೂ ಬಂದು ಒರೆಸು ಎಂದಿದ್ದರೆ ಒರೆಸಿಬಿಡುತ್ತಿದ್ದಳೇನೋ. ಯಾರೂ ಬರಲಿಲ್ಲ, ಅದೇ ಪುಣ್ಯ. ಮೇಲೆ ಹತ್ತುವ ಮಿನಿಬಸ್ಸಿನಲ್ಲಿ ಕೂತಾಗ ತೀರ್ಮಾನಿಸಿದ್ದಳು, ನನ್ನ ಗೋಡೆಯನ್ನು ನಾನೇ ಕಟ್ಟುತ್ತೇನೆ, ಮುಂದಿನ ಬಾಗಿಲು ಹಿಂದಿನ ಬಾಗಿಲು ಎರಡೂ ನನ್ನವೇ. ಈಗ ನೋಡಿದರೆ ತನ್ನದೇ ಗೋಡೆಯ ಹಿಂದಿನ ಬಾಗಿಲಲ್ಲಿ ತಾನೇ ಸಿಕ್ಕಿಕೊಂಡಿದ್ದಾಳೆ. ಉಸಿರು ಪೂರ್ತಿ ಬಿಟ್ಟು, ತೋಳು ತರಚಿಸಿಕೊಂಡು ಹೊರಬಂದಳು. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದ ಅತ್ತೆ ಎಲ್ಲವನ್ನೂ ನೋಡಿದ್ದಳು.

“ಬೆಕ್ಕನ್ನ ಕಳಿಸು ಒಳಗೆ,” ಎಂದಳು ಅಗಾಪಿತಾ. “ಬಾಲಕ್ಕೆ ಸ್ಪ್ಯಾನರ್ ಕಟ್ಟಿ ಕಳಿಸು.” ಆಮೇಲೆ ಎಲೆಯ ಚರಟವನ್ನು ಇನ್ನೊಂದು ದವಡೆಗೆ ದೂಡಿ, ಬೇರೆ ಕಡೆ ನೋಡುತ್ತ, “ಬೆಕ್ಕು ಬೇಡ ಅಂದ್ರೆ ಟಿಕೊನಾ ಮನೆ ತೊಮಾಸಾ ಇದಾಳಲ್ಲ. ಗುರುವಾರ ಸಂತೇಲಿ ಇರ್ತಾಳೆ,” ಎಂದಳು.

ಎರಡು ವರ್ಷದಿಂದ ಬಾಸಿಲಿಯಾ ಸಂತೆಗೆ ಹೋಗುವಾಗ ತೊಮಾಸಾ ಗಾಡಿ ನಿಲ್ಲಿಸುವ ಮೂಲೆಯನ್ನು ತಪ್ಪಿಸಿ, ಹಳೆ ಟೈರುಗಳ ಸಾಲಿನಿಂದ ಸುತ್ತು ಹಾಕಿ ಹೋಗುತ್ತಿದ್ದಳು. ಈ ಹಲಗೆಗಳನ್ನು ಕೊಂಡದ್ದೂ ಆ ಸುತ್ತುದಾರಿಯಲ್ಲೇ. ಈ ಗುರುವಾರ ನೇರ ನಡೆದಳು. ತೊಮಾಸಾಳ ಗಾಡಿಯ ಮೇಲೆ ಎರಡು ಹಂಡೆ ಹಬೆಯಾಡುತ್ತಿದ್ದವು, ನೇರಳೆ ಜೋಳದ ಗಂಜಿ ಒಂದರಲ್ಲಿ, ಬಿಳಿಯದು ಇನ್ನೊಂದರಲ್ಲಿ. ಹಂಡೆಯ ಎತ್ತರಕ್ಕೆ ತಾನು ಸಾಲದ್ದಕ್ಕೆ ಅವಳು ಕಾಲಡಿ ಮರದ ಪೆಟ್ಟಿಗೆ ಹಾಕಿಕೊಂಡು ನಿಂತಿದ್ದಳು. ಆ ಪೆಟ್ಟಿಗೆ ನೋಡಿ ಬಾಸಿಲಿಯಾಳ ಕಾಲು ನಿಂತಿತು. ಹಮಾಲಿಗಳ ಸಾಲಿನಲ್ಲಿ ತಾನೂ ನಿಂತಳು. ಸರದಿ ಬಂದಾಗ ತೊಮಾಸಾ ಯಾರಿಗೋ ಕೇಳುವ ಹಾಗೆ, ನೇರಳೆದಾ ಬಿಳೀದಾ ಅಮ್ಮಾ ಎಂದು ಕೇಳಿದಳು. ಅಕ್ಕಾ ಎನ್ನುತ್ತಿದ್ದವಳು. ನೇರಳೆ, ಎಂದು ಬಾಸಿಲಿಯಾ ಲೋಟ ತೆಗೆದುಕೊಂಡಳು. ಬಿಸಿಗೆ ನಾಲಿಗೆ ಸುಟ್ಟಿತು, ಸುಟ್ಟದ್ದೇ ಒಳ್ಳೆಯದಾಯಿತು, ಕಟ್ಟಿಟ್ಟುಕೊಂಡು ಬಂದಿದ್ದ ಮಾತುಗಳೆಲ್ಲ ಹೋದವು.

“ಒಂದು ದಿನದ ಅಯ್ನಿ ಬೇಕಿತ್ತು ತೊಮಾಸಾ.”

“ಏನ್ ಕೆಲಸ?”

“ಹಲಗೆ ಹಿಂದೆ ಇಳಿದು ನಟ್ಟು ಹಿಡ್ಕೋಬೇಕು. ಸಂದಿ ಚಿಕ್ಕದು. ನಾನು ಹಿಡಿಸಲ್ಲ.”

ತೊಮಾಸಾ ಹಂಡೆಯೊಳಕ್ಕೆ ಸೌಟು ಬಿಟ್ಟು, ತಳದಿಂದ ಮೇಲಕ್ಕೆ ನಿಧಾನ ತಿರುಗಿಸಿದಳು. “ಅಂದ್ರೆ ನಾನು ಕುಳ್ಳಿ ಅಂತ ಬಂದಿದೀಯ.”

ಪಕ್ಕದ ಹಮಾಲಿ ಲೋಟದ ಮೇಲಿಂದ ನೋಡುತ್ತಿದ್ದ. ಇಲ್ಲ ಇಲ್ಲ ಎಂದು ಹೇಳಬೇಕೆಂದು ಬಾಸಿಲಿಯಾಳಿಗೆ ಬಾಯಿ ತನಕ ಬಂತು. “ಹೂಂ,” ಎಂದಳು. “ಅದಕ್ಕೇ ಬಂದೆ.”

ತೊಮಾಸಾ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಮುಂದಿನವನ ಲೋಟ ತುಂಬಿದಳು. ಹತ್ತು ಗಂಟೆಗೆ ಹಂಡೆ ಖಾಲಿಯಾಗುತ್ತದೆ, ಆಮೇಲೆ ಬರುತ್ತೇನೆ ಎಂದಳು. “ಆದ್ರೆ ಅಯ್ನಿ ಅಂದ್ರೆ ಅಯ್ನಿ. ನಾನು ಕೇಳ್ದಾಗ ನೀನೂ ಕೊಡ್ಬೇಕು.” ಏನು ಎಂದು ಬಾಸಿಲಿಯಾ ಕೇಳಿದ್ದಕ್ಕೆ, ಕೇಳ್ದಾಗ ಹೇಳ್ತೀನಿ ಎಂದು ಸೌಟು ಝಾಡಿಸಿದಳು.

ಹತ್ತೂಕಾಲಿಗೆ ಬಂದಳು. ಅಂಗಳದಲ್ಲಿ ಅಗಾಪಿತಾಳ ಕಾಲಿಗೆ ಬಾಗಿ ಮಾತಾಡಿಸಿ, ಮೇಲೆ ಬಂದು, ಹಲಗೆಯ ಮುಂದೆ ಕೈಕಟ್ಟಿಕೊಂಡು ನಿಂತಳು. ಬಾಸಿಲಿಯಾ ಬೇಕಾದದ್ದಕ್ಕಿಂತ ಹೆಚ್ಚು ಮಾತಾಡುತ್ತಿದ್ದಳು. ಹಿಡಿಕೆಗಳನ್ನು ನೀಲಗಿರಿ ಮರದ ತುಂಡಿನಿಂದ, ಮುರಿದ ಮೇಜಿನ ಕಾಲಿನಿಂದ ತಾನೇ ಕೆತ್ತಿದ್ದು, ಉಜ್ಜುಕಾಗದದಿಂದ ಉಜ್ಜಿದ್ದು. ಪರೀಕ್ಷೆಯ ಬಂಡೆಗೆ ಹಿಂದಿನ ವರ್ಷ ಫೇಲಾದ ವಾರವೇ ಒಬ್ಬಳೇ ಹೋಗಿ, ಉಣ್ಣೆಯ ದಾರ ಹಿಡಿದು ಒಂದು ಹಿಡಿತದಿಂದ ಇನ್ನೊಂದಕ್ಕೆ ಎಷ್ಟು ದೂರ ಎಂದು ಗಂಟು ಹಾಕಿಕೊಂಡು ಬಂದದ್ದು. ಆ ದಾರದ ಲೆಕ್ಕದಲ್ಲೇ ಇಲ್ಲಿ ಒಂದೊಂದನ್ನೂ ಕೂರಿಸಿದ್ದು, ನೂಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪರೀಕ್ಷೆಗೆ ಇನ್ನು ಆರು ವಾರ. ಈ ಸಲ ಹಗ್ಗದ ಇನ್ನೊಂದು ತುದಿಗೆ ಅವರವರೇ ಜೊತೆಗಾರರನ್ನು ಕರೆತರಬೇಕಂತೆ ಎಂದಳು, ಅಲ್ಲಿಗೆ ನಿಲ್ಲಿಸಿದಳು. ಮೇಜಿನ ಮೇಲಿದ್ದ ಅರ್ಜಿಯಲ್ಲಿ ಎರಡನೆಯ ಗೆರೆ ಖಾಲಿ ಇತ್ತು. ತೊಮಾಸಾ ಅದನ್ನು ನೋಡಿದಳೋ ಇಲ್ಲವೋ. ಟೊಪ್ಪಿ ತೆಗೆದಳು, ಲಂಗ ಬಿಚ್ಚಿ ಮಡಚಿ ಟೊಪ್ಪಿಯ ಪಕ್ಕ ಇಟ್ಟಳು; ಒಳಗೆ ಹಳೆಯ ಕ್ಯಾಂಪಿನ ಪ್ಯಾಂಟು ಇತ್ತು. ಅದನ್ನು ಇವತ್ತು ಹಾಕಿಕೊಂಡು ಬಂದಳೋ, ದಿನವೂ ಹಾಕುತ್ತಾಳೋ. ಹಣೆಗೆ ಟಾರ್ಚು ಕಟ್ಟಿಕೊಂಡು ಏಣಿ ಹತ್ತಿ, ಕಾಲು ಮೊದಲು, ಆಮೇಲೆ ಸೊಂಟ, ಆಮೇಲೆ ಒಂದು ಉಸಿರಿನಲ್ಲಿ ಭುಜ, ಕೊನೆಗೆ ತಲೆ, ಹಲ್ಲಿಯಂತೆ ಸಂದಿಯೊಳಕ್ಕೆ ಇಳಿದುಹೋದಳು.

ಮರುಗಳಿಗೆಯಲ್ಲಿ ಹಲಗೆಯ ಖಾಲಿ ತೂತುಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಹಿಂದೆ ಅವಳ ತಲೆ ಅಲುಗಾಡಿದ ಹಾಗೆಲ್ಲ ಬೆಳಕು ಒಂದು ತೂತಿನಿಂದ ಇನ್ನೊಂದಕ್ಕೆ ಹರಿಯುತ್ತಿತ್ತು. ನೂರು ಚುಕ್ಕಿ, ಹಗಲಿನಲ್ಲಿ. ಬಾಸಿಲಿಯಾಳಿಗೆ ಕ್ಯಾಂಪಿನ ಮೇಲಿನ ಆಕಾಶ ನೆನಪಾಗಬೇಕಿತ್ತು, ನೆನಪಾದದ್ದು ಮಾತ್ರ ಒಂದೇ ಕಂಬಳಿಯೊಳಗೆ ಟಾರ್ಚು ಹಾಕಿಕೊಂಡು ತೊಮಾಸಾ ತನ್ನ ಕಾಲಿನ ಬೊಕ್ಕೆಗೆ ಸೂಜಿ ಚುಚ್ಚುತ್ತಿದ್ದದ್ದು.

ಯಾವುದು ಮೊದಲು ಎಂದಿತು ಹಲಗೆ. ಬಾಸಿಲಿಯಾ ಬೋಲ್ಟಿನ ತಲೆ ತಟ್ಟಿದಳು. ಹಿಂದಿನಿಂದ ಇಕ್ಕಳ ನಟ್ಟನ್ನು ಕಚ್ಚಿದ ಸದ್ದು, ಸುತ್ತಿಗೆಯ ಎರಡು ಪೆಟ್ಟು. “ಹಿಡಿದಿದೀನಿ, ತಿರುಗಿಸು.” ತಿರುಗಿಸಿದಳು. ಕಾಲು ಸುತ್ತು, ಅರ್ಧ ಸುತ್ತು, ನಿಂತಿತು. ಸ್ಪ್ಯಾನರ್ ಅಂಗೈಗೆ ತಿರುಗಿ ಒತ್ತಿತು. ಇಷ್ಟು ಹೊತ್ತು ಬೆಣ್ಣೆಯೊಳಗೆ ಕೈಯಾಡಿಸಿದ ಹಾಗಿದ್ದದ್ದು ಈಗ ಗಟ್ಟಿಯಾಗಿ ಎದುರು ನಿಂತಿತ್ತು. ಆ ಎದುರುನಿಲುವು ಅವಳ ಮೊಣಕೈ ತನಕ ಹತ್ತಿ ಬಂದು ಒಂದು ಥರ ಸಮಾಧಾನ ಕೊಟ್ಟಿತು. ಎರಡನೆಯದು. ಮೂರನೆಯದು. ಮುಖ ಕಾಣದಿದ್ದರೆ ಕೆಲಸ ಎಷ್ಟು ಸಲೀಸು. ನಾಲ್ಕು. ಐದು. ಆರನೆಯದಕ್ಕೆ ಬಂದಾಗ ಅವಳು, ಬೋಲ್ಟಿನ ತಲೆಗೆ ಹೇಳುವ ಹಾಗೆ, ಅವತ್ತು ಕ್ಯಾಂಪಿನಲ್ಲಿ ನಾನು ಅಂದದ್ದು, ಎಂದು ಶುರುಮಾಡಿದಳು. ಬೆಳಕು ಅಲುಗಾಡಲಿಲ್ಲ. ಅದು ತಪ್ಪಾಯ್ತು, ಎಂದಳು. ಹಲಗೆ, ಮುಂದಿನದು ಯಾವುದು ಎಂದು ಕೇಳಿತು. ಏಳು. ಎಂಟು. ಬಾಸಿಲಿಯಾಳ ಕಂಕುಳು ಬೆವರಿತ್ತು. ಇಷ್ಟು ವರ್ಷ ಹೊತ್ತದ್ದನ್ನು ಕೆಳಗಿಟ್ಟರೂ ಯಾರೂ ಎತ್ತಿಕೊಳ್ಳಲು ಬರಲಿಲ್ಲವಲ್ಲ.

“ಅಂದದ್ದು ಬಿಡು,” ಎಂದಳು ತೊಮಾಸಾ ಒಂಬತ್ತನೆಯದರ ಹಿಂದಿನಿಂದ. “ಕ್ಯಾಂಪಲ್ಲಿ ಎಲ್ಲರೂ ಏನೇನೋ ಅಂತಿದ್ರು. ಅಂದ್ಮೇಲೆ ನೀನು ಅವರ ಮುಖ ನೋಡಿದೆ. ಯಾರ್ಯಾರು ನಕ್ರು ಅಂತ. ನನ್ನ ಮುಖ ನೋಡ್ಲಿಲ್ಲ.”

“ಹನ್ನೊಂದು ಜನ,” ಎಂದಳು ಬಾಸಿಲಿಯಾ.

“ಎಣಿಸಿದ್ದೆ ಹಾಗಾದ್ರೆ.”

ಹತ್ತು. ಹನ್ನೊಂದು. ಹನ್ನೊಂದನೆಯ ಬೋಲ್ಟೂ ನಿಂತಿತು. ತೊಮಾಸಾ ಮೈಯೆಲ್ಲ ಗರಗಸದ ಪುಡಿ ಮೆತ್ತಿಕೊಂಡು ಸಂದಿಯಿಂದ ಹೊರಬಂದು, ಏಣಿಯ ಮೇಲೆ ಕೂತು ಸೀನಿದಳು. ಹೋಗುತ್ತಾಳೆ ಎಂದುಕೊಂಡಿದ್ದಳು ಬಾಸಿಲಿಯಾ. ಅವಳು ಹೋಗಲಿಲ್ಲ. ಏಣಿ ಸರಿಸಿ, ಅಂಗೈ ಪ್ಯಾಂಟಿಗೆ ಒರೆಸಿಕೊಂಡು, ಹಲಗೆಯ ಕೆಳಗೆ ಕೂತು ಮೊದಲ ಹಿಡಿಕೆಗೆ ಕೈಯಿಟ್ಟಳು. ಎರಡನೆಯದಕ್ಕೆ ಹೋದಳು. ಬೆನ್ನು ನೆಲಕ್ಕೆ, ಹೊಟ್ಟೆ ಹಲಗೆಗೆ, ಕಾಲ್ಬೆರಳು ಸಣ್ಣ ಮೇಜಿನಕಾಲಿನ ತುಂಡಿನ ಮೇಲೆ. ಇಷ್ಟು ಹಗುರವಾಗಿ ಯಾರಾದರೂ ತೂಗುವುದನ್ನು ಬಾಸಿಲಿಯಾ ನೋಡಿರಲಿಲ್ಲ. ಮೂರನೆಯದಕ್ಕೆ ಕೈ ಚಾಚಿದಳು. ಒಂದು ಗೇಣು ಕಡಿಮೆಯಾಯಿತು. ಇನ್ನೊಮ್ಮೆ ಚಾಚಿದಳು. ಮೆತ್ತೆಯ ಬದಲು ಹಾಸಿದ್ದ ಹಳೆ ಹಾಸಿಗೆಯ ಮೇಲೆ ಧಪ್ಪೆಂದು ಬಿದ್ದಳು. ಬಾಸಿಲಿಯಾಳಿಗೆ ತಾನು ಎರಡು ವರ್ಷದ ಹಿಂದೆ ಬಾಯಲ್ಲಿ ಅಂದದ್ದನ್ನು ಈಗ ಮರದಲ್ಲಿ ಮಾಡಿ ನಿಲ್ಲಿಸಿದ ಹಾಗಿತ್ತು.

ಬಿದ್ದವಳು ಅಲ್ಲೇ ಮಲಗಿ ಹಲಗೆಯನ್ನು ನೋಡುತ್ತ, ಇಲ್ಲಿ ಒಂದು ಬಿಟ್ಟುಹೋಗಿದೆ ಎಂದಳು. ಬಿಟ್ಟಿಲ್ಲ, ದಾರದಲ್ಲಿ ಅಳೆದದ್ದು ಎಂದು ಬಾಸಿಲಿಯಾ ಗಂಟಿನ ದಾರವನ್ನೇ ತಂದು ತೋರಿಸಿದಳು. ತೊಮಾಸಾ ದಾರ ನೋಡಲಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ, ಬಲಕ್ಕೆ, ಕೆಂಪು ಗೆರೆಯ ಕೆಳಗೆ, ಉಗುರಿನಷ್ಟು ಅಂಚು ಇದೆ ಬಂಡೆಯಲ್ಲಿ ಎಂದಳು. ಎರಡು ಬೆರಳಿಗೆ ಸಾಕಾಗುವಷ್ಟು. “ನಿನ್ನ ಕೈ ಅದನ್ನ ದಾಟಿ ಹೋಗುತ್ತೆ. ಬೇಕಾಗ್ಲಿಲ್ಲ, ಅದಕ್ಕೆ ಕಾಣ್ಲಿಲ್ಲ. ದಾಟಿ ಹೋಗೋ ರಭಸಕ್ಕೇ ನೀನು ಬೀಳೋದು ಅಕ್ಕಾ.”

ಅಕ್ಕಾ ಎಂದದ್ದು ಬಾಸಿಲಿಯಾಳಿಗೆ ಆಮೇಲೆ ಕೇಳಿಸಿತು. ಮೊದಲು ಕೇಳಿಸಿದ್ದು ಬಂಡೆ. ನಿನಗೆ ಹೇಗೆ ಗೊತ್ತು ಎಂದು ಕೇಳಿದಳು. ಗಂಜಿ ಮಾರಿ ಮುಗಿದ ಮೇಲೆ ಮಂಗಳವಾರ, ಶನಿವಾರ ಮಿನಿಬಸ್ಸು ಹಿಡಿದು ಪರೀಕ್ಷೆಯ ಬಂಡೆಯಿರುವ ಕಣಿವೆಗೆ ಹೋಗುತ್ತೇನೆ, ಹಗ್ಗ ಇಲ್ಲವಲ್ಲ, ಅದಕ್ಕೇ ಎರಡಾಳೆತ್ತರಕ್ಕೆ ಹತ್ತಿ ಮರಳಿಗೆ ಜಿಗಿಯುತ್ತೇನೆ ಎಂದು ತೊಮಾಸಾ ಬೇರೆಯವರ ವಿಷಯದ ಹಾಗೆ ಹೇಳಿದಳು. ಎರಡು ವರ್ಷದಿಂದ. ಕ್ಯಾಂಪಿನಲ್ಲಿ ಕೈಯೆತ್ತಿದ್ದು ತಮಾಷೆಗೆ ಎಂದುಕೊಂಡೆಯಾ ಎಂದಳು. ಬಾಸಿಲಿಯಾ ಏಣಿಯ ಮೇಲೆ ಕೂತಳು. ತಾನೊಂದು ಜೀವವನ್ನು ಮುರಿದೆನೆಂದು ಎರಡು ವರ್ಷ ಟೈರುಗಳ ಸಾಲಿನಿಂದ ಸುತ್ತಿ ನಡೆದಿದ್ದಳು. ಆ ಜೀವ ಮುರಿಯದೆ, ಇವಳ ಕಡೆ ತಿರುಗಿಯೂ ನೋಡದೆ, ವಾರಕ್ಕೆರಡು ಸಲ ಬಂಡೆ ಹತ್ತುತ್ತಿತ್ತು. ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು, ನಾಚಿಕೆಗೇಡಿನದು, ಯಾರೋ ತನ್ನಿಂದ ಏನನ್ನೋ ಕಿತ್ತುಕೊಂಡ ಹಾಗೆ. ತನ್ನ ಮಾತಿಗೆ ಅಷ್ಟು ಬಲವಿರಲಿಲ್ಲವೇ? ತಪ್ಪು ಮಾಡಿದವಳೆಂಬ ದೊಡ್ಡಸ್ತಿಕೆಯನ್ನೂ ತಾನು ಒಲೆಯ ಪಕ್ಕದ ಜಾಗದ ಹಾಗೆ ಬೆಚ್ಚಗೆ ಇಟ್ಟುಕೊಂಡಿದ್ದಳೇ? ಅವಳು ನೆಲ ನೋಡಿದಳು. ನಗು ಬಂತು, ತಡೆಯಲಿಲ್ಲ. ಯಾಕೆ ನಗುತ್ತೀಯ ಎಂದು ತೊಮಾಸಾ ಕೇಳಿದಳು. ಏನಿಲ್ಲ, ನನ್ನನ್ನೇ ನೋಡಿ, ಎಂದಳು.

ಮೇಜಿನ ಕಾಲಿನ ಉಳಿದ ತುಂಡಿನಿಂದ ಅಂಚು ಕೆತ್ತಿದರು. ಬಾಸಿಲಿಯಾ ದಪ್ಪ ಬಿಟ್ಟಳು, ತೊಮಾಸಾ ಕಿತ್ತುಕೊಂಡು ಕಿರುಬೆರಳಗಲಕ್ಕೆ ಇಳಿಸಿದಳು. ಅಗಾಪಿತಾ ಸೂಪಿನ ಬಟ್ಟಲುಗಳನ್ನೂ ಒಂದು ಸೀಸೆ ಮದ್ಯವನ್ನೂ ಹೊತ್ತು ಬಂದು, ಸೂಪು ಕೊಟ್ಟಳು, ಸೀಸೆ ಕೊಡಲಿಲ್ಲ. ಹೊಸದಾಗಿ ಕಟ್ಟಿದ್ದರ ನಾಲ್ಕು ಮೂಲೆಗೂ ಭೂಮಿತಾಯಿಗೂ ಸುರಿದ ಮೇಲೇ ಅದರ ಮೇಲೆ ಕಾಲಿಡಬೇಕು, ನೀವಾಗಲೇ ಬಿದ್ದೂ ಆಯ್ತಲ್ಲ ಎಂದು ಬೈದಳು. ಕೆಲಸ ಮುಗಿಯಲಿ, ಸುರಿಯುವಾಗ ಯಾರ್ಯಾರ ಕೈ ಎಂದು ಹೆಸರು ಹೇಳಬೇಕಾಗುತ್ತದೆ, ಸುಳ್ಳು ಹೇಳಿದರೆ ನಾನು ಸುರಿಯಲ್ಲ ಎಂದು ಸೀಸೆಯನ್ನು ಕಂಕುಳಲ್ಲಿಟ್ಟು ಕೆಳಗಿಳಿದಳು. ಡ್ರಿಲ್ಲಿನಿಂದ ಹೊಸ ತೂತು ಕೊರೆದದ್ದು ತೊಮಾಸಾ ತೋರಿಸಿದ ಜಾಗದಲ್ಲಿ, ದಾರದ ಯಾವ ಗಂಟಿಗೂ ಸಿಗದ ಜಾಗದಲ್ಲಿ. ಅವಳು ಮತ್ತೆ ಸಂದಿಯೊಳಕ್ಕೆ ಇಳಿದಳು. ಮತ್ತೆ ಚುಕ್ಕಿಗಳು ಹೊತ್ತಿಕೊಂಡವು. ಬಾಸಿಲಿಯಾ ಅಂಚನ್ನು ಜಾಗಕ್ಕಿಟ್ಟು ಬೋಲ್ಟು ತೂರಿಸಿದಳು. ಹಿಂದಿನಿಂದ ಇಕ್ಕಳದ ಸದ್ದು ಬಂತು. ಆದರೆ ತಿರುಗಿಸು ಎಂಬ ಮಾತು ಬರಲಿಲ್ಲ.

“ನನ್ನ ಅಯ್ನಿ ಕೇಳ್ತೀನಿ ಈಗ,” ಎಂದಿತು ಹಲಗೆ. “ಆ ಕಾಗದದ ಎರಡನೇ ಗೆರೇಲಿ ನನ್ನ ಹೆಸರು ಬರಿ. ಹಗ್ಗದ ಆಚೆ ತುದಿಗೆ ನಾನು ಬರ್ತೀನಿ. ಅವತ್ತು ಬಂಡೆ ಕೆಳಗೆ ಆ ಹನ್ನೊಂದು ಜನದಲ್ಲಿ ಎಷ್ಟು ಜನ ಇರ್ತಾರೋ, ಅವರ ಮುಂದೆ ಹೇಳ್ಬೇಕು ನೀನು. ಇಲ್ಲಿ ಬೋಲ್ಟಿಗೆ ಹೇಳಿದ್ದಲ್ಲ.”

“ಗಿಲ್ಬೆರ್ತೊ ಮುಂದೇನಾ?”

“ಅವನ ಮುಂದೆಯೇ.”

ಗಿಲ್ಬೆರ್ತೊ ಪರೀಕ್ಷಕ. ಅವನ ಪೆನ್ಸಿಲು ಕಿವಿಯ ಮೇಲಿಂದ ಇಳಿದರೆ ಹೆಸರು, ಇಳಿಯದಿದ್ದರೆ ಇಲ್ಲ. ಅವನಿಗೆ ಹಿಡಿಸದ ಮಾತು ಆಡಿ ಯಾರೂ ಗೈಡಾದದ್ದಿಲ್ಲ. ಆರು ವಾರ ಬೆರಳು ಗಟ್ಟಿಮಾಡಿ, ಒಂದು ಮಾತಿಗೆ ಎಲ್ಲವನ್ನೂ ಬಿಟ್ಟುಕೊಡಬೇಕಾಗಬಹುದು. ಬಾಸಿಲಿಯಾ ಸ್ಪ್ಯಾನರನ್ನು ಕೈ ಬದಲಾಯಿಸಿದಳು. ತೂತುಗಳ ಬೆಳಕಿನಲ್ಲಿ ಧೂಳು ತೇಲುತ್ತಿತ್ತು. ಹೇಳ್ತೀನಿ ಎಂದಳು. ಅಷ್ಟು ಬೇಗ ಬಾಯಿಗೆ ಬಂದದ್ದಕ್ಕೆ ಅವಳಿಗೇ ಅಚ್ಚರಿಯಾಯಿತು.

“ಹಾಗಾದ್ರೆ ಈಗೊಂದ್ಸಲ ಹೇಳು. ಅಭ್ಯಾಸಕ್ಕೆ ತಾನೆ ಇದನ್ನ ಕಟ್ಟಿರೋದು.”

ಬಾಸಿಲಿಯಾ ಸುತ್ತ ನೋಡಿದಳು, ಇಟ್ಟಿಗೆ, ತಗಡು, ಮಡಚಿಟ್ಟ ಲಂಗ, ಅದರ ಪಕ್ಕದ ಟೊಪ್ಪಿ. “ಅವತ್ತು ತೊಮಾಸಾ ಕೈಯೆತ್ತಿದ್ಲು,” ಎಂದಳು. “ಆ ಕೈಯನ್ನ ನಾನು ಇಳಿಸ್ದೆ. ಅವಳ ಹಗ್ಗದಲ್ಲಿ ನಾನು ಹತ್ತಿದೆ. ನೀವೆಲ್ಲ ನಕ್ರಿ.”

“ಇನ್ನೂ ಜೋರಾಗಿ. ಬಂಡೆ ಹತ್ರ ಗಾಳಿ ಇರುತ್ತೆ.”

ಹೇಳಿದಳು. ಸಾಲದು ಎಂದಿತು ಹಲಗೆ. ಮೂರನೆಯ ಸಲ ಅವಳು ಹೊಟ್ಟೆಯಿಂದ ಕೂಗಿ ಹೇಳಿದಳು. ತಗಡು ಝುಂ ಎಂದಿತು, ಮಗ್ಗುಲ ಮನೆಯ ನಾಯಿ ಬೊಗಳಿತು. ಕೆಳಗೆ ಅಂಗಳದಲ್ಲಿ ಆಲೂಗಡ್ಡೆ ಉಜ್ಜುವ ಸದ್ದು ನಿಂತಿತು.

“ನನಗೆ ಕೇಳಿಸ್ತು,” ಎಂದಳು ಅಗಾಪಿತಾ ಕೆಳಗಿನಿಂದ.

ಹಲಗೆಯ ಹಿಂದೆ ಸುತ್ತಿಗೆಯ ಎರಡು ಪೆಟ್ಟು ಬಿದ್ದವು. “ಹಿಡಿದಿದೀನಿ ಅಕ್ಕಾ,” ಎಂದಳು ತೊಮಾಸಾ. “ತಿರುಗಿಸು.”

ಬಾಸಿಲಿಯಾ ತಿರುಗಿಸಿದಳು. ಕಾಲು ಸುತ್ತು, ಅರ್ಧ ಸುತ್ತು. ಬೋಲ್ಟು ಕಚ್ಚಿಕೊಂಡಿತು.